ಎಳೆಯ ಶಿಶುವಿನ ರಾತ್ರಿಯ ನಿದ್ರೆ

ಹೆರಿಗೆಗೆಂದು ತವರಿಗೆ ಹೋದ ಮಗಳು ಬಾಣಂತನ ಮುಗಿಸಿ, ನಾಲ್ಕು ತಿಂಗಳ ಕೂಸಿನೊಡನೆ ಮುಂಬಯಿ, ಪುಣೆ ಅಥವಾ ದೆಹಲಿಯ ಮನೆಗೆ ಮರಳುವುದು ಕನ್ನಡ ಕುಟುಂಬಗಳಲ್ಲಿ ಇಂದಿಗೂ ಕಂಡುಬರುವ ರೂಢಿ. ಅಲ್ಲಿಯವರೆಗೆ ರಾತ್ರಿ ನಾಲ್ಕೈದು ಗಂಟೆ ಒಂದೇ ಸಮನೆ ಮಲಗುತ್ತಿದ್ದ ಶಿಶು, ಬಂದ ಕೆಲವೇ ದಿನಗಳಲ್ಲಿ ಗಂಟೆಗೊಮ್ಮೆ ಎದ್ದು ಅಳತೊಡಗುವುದುಂಟು. ನೀರು ಬದಲಾಯಿತು, ದೃಷ್ಟಿ ತಗುಲಿತು, ತಾಯಿಗೆ ಹಾಲು ಸಾಲದು ಎಂದು ಹಲವರು ಹಲವು ಬಗೆಯಾಗಿ ಹೇಳುತ್ತಾರೆ. ಇವುಗಳಲ್ಲಿ ಕೊನೆಯ ಮಾತೇ ಹೆಚ್ಚು ಹಾನಿಕರವಾದುದು. ಅದನ್ನು ನಂಬಿ ಸೀಸೆಯ ಹಾಲನ್ನು ಆರಂಭಿಸಿದರೆ ಶಿಶು ಮೊಲೆಯುಣ್ಣುವುದು ತಗ್ಗಿ, ತಾಯಿಯ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ.

ನವಜಾತ ಶಿಶು ದಿನಕ್ಕೆ ಸುಮಾರು 14ರಿಂದ 17 ಗಂಟೆಗಳ ಕಾಲ ನಿದ್ರಿಸುತ್ತದೆ. ಆದರೆ ಅದಕ್ಕೆ ಹಗಲು-ಇರುಳುಗಳ ಭೇದ ತಿಳಿಯದು. ದೇಹದ ಒಳಗಡಿಯಾರವು ಎರಡು-ಮೂರು ತಿಂಗಳಲ್ಲಿ ರೂಪುಗೊಳ್ಳತೊಡಗುತ್ತದೆ. ನಾಲ್ಕನೆಯ ತಿಂಗಳ ಸುಮಾರಿಗೆ ನಿದ್ರೆಯ ರಚನೆಯೇ ಮಾರ್ಪಟ್ಟು, ದೊಡ್ಡವರಲ್ಲಿರುವಂತೆ ತೆಳುನಿದ್ರೆ, ಗಾಢನಿದ್ರೆ ಎಂಬ ಹಂತಗಳು ಮೂಡುತ್ತವೆ. ಸರಿಸುಮಾರು ಗಂಟೆಗೊಂದರಂತೆ ಈ ಆವರ್ತ ಮುಗಿಯುತ್ತದೆ. ಆಗ ಅರೆ ಎಚ್ಚರವಾಗುತ್ತದೆ. ದೊಡ್ಡವರೂ ಹೀಗೆ ಎಚ್ಚರಗೊಂಡು, ಮಗ್ಗುಲು ಬದಲಿಸಿ, ಬೆಳಗಾಗುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಶಿಶುವಿಗೆ ಆ ಕಲೆ ಇನ್ನೂ ಸಿದ್ಧಿಸಿಲ್ಲ. ಆದುದರಿಂದ ಇದು ರೋಗವಲ್ಲ, ಮೆದುಳಿನ ಬೆಳವಣಿಗೆ. ಪ್ರಯಾಣದ ದಣಿವು, ಹೊಸ ಮನೆಯ ಸದ್ದು ಅದಕ್ಕೆ ಕೂಡಿಕೊಂಡಿರಬಹುದಷ್ಟೆ. ತವರಿನಲ್ಲಿಯೇ ಉಳಿದಿದ್ದರೂ ಎಷ್ಟೋ ಶಿಶುಗಳು ಈ ವಯಸ್ಸಿನಲ್ಲಿ ಹೀಗೆಯೇ ಎಚ್ಚರಗೊಳ್ಳುತ್ತವೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇದು ತಗ್ಗುತ್ತದೆ.

ಹಗಲಿನಲ್ಲಿ ಶಿಶುವನ್ನು ಬೆಳಕಿನಲ್ಲಿಟ್ಟು ಆಡಿಸಬೇಕು. ಸಂಜೆಯಾದ ಮೇಲೆ ದೀಪವನ್ನೂ ದೂರದರ್ಶನದ ಸದ್ದನ್ನೂ ತಗ್ಗಿಸಬೇಕು. ಒಂದೇ ಕೋಣೆಯ ಮನೆಯಲ್ಲಿ ಇದು ಎಲ್ಲರ ಸಹಕಾರವಿಲ್ಲದೆ ಆಗದು. ರಾತ್ರಿ ಮಿಸುಕಿದೊಡನೆ ಎತ್ತಿಕೊಳ್ಳದೆ ಒಂದು ನಿಮಿಷ ಕಾದು ನೋಡುವುದು ಲೇಸು. ನಿದ್ರೆಯಲ್ಲಿಯೇ ನರಳಿ ಸುಮ್ಮನಾಗುವ ಶಿಶುಗಳು ಅನೇಕ. ಹಸಿದಿದ್ದರೆ ಹಾಲೂಡಲೇಬೇಕು. ಹಾಲು ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ರಸವು ರಾತ್ರಿಯ ವೇಳೆ ಹೆಚ್ಚಾಗಿರುವುದರಿಂದ ಆ ಹೊತ್ತಿನ ಹಾಲೂಡಿಕೆ ತಾಯಿಗೂ ಉಪಕಾರಿ. ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ನೀರೂ ಬೇಡ. ನಿದ್ರೆ ಬರಲೆಂದು ಬಾಳಗುಟಿ, ಗ್ರೈಪ್ ವಾಟರ್ ಕುಡಿಸುವುದು, ಜೇನು ನೆಕ್ಕಿಸುವುದು ಸಲ್ಲದು. ಜೇನಂತೂ ಒಂದು ವರ್ಷ ತುಂಬುವವರೆಗೆ ಅಪಾಯಕರ.

ಶಿಶುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಸೇರಿದಂತೆ ಯಾವ ದಿಂಬೂ ಬೇಡ. ಸೀರೆಯ ಜೋಲಿಯಲ್ಲಿ ರಾತ್ರಿಯಿಡೀ ಬಿಡಬಾರದು.

ತವರಿನಲ್ಲಿ ಅಜ್ಜಿ, ಅತ್ತಿಗೆಯರು ಸರದಿಯಲ್ಲಿ ಎತ್ತಿಕೊಳ್ಳುತ್ತಿದ್ದ ಕೂಸು ಇಲ್ಲಿ ತಾಯಿಯೊಬ್ಬಳ ಪಾಲಾಗುತ್ತದೆ. ಬಟ್ಟೆ ಬದಲಿಸುವುದು, ಹೆಗಲಿಗೆ ಹಾಕಿ ತೇಗಿಸುವುದು ತಂದೆಯಿಂದ ಆಗದ ಕೆಲಸಗಳೇನಲ್ಲ. ಎರಡು ವಾರ ಕಳೆದರೂ ತಾಯಿಯ ಖಿನ್ನತೆ ತೊಲಗದಿದ್ದರೆ, ಶಿಶು ಮಲಗಿದಾಗಲೂ ಆಕೆಗೆ ನಿದ್ರೆ ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಭಾಷೆಯನ್ನು ಆಯ್ದುಕೊಳ್ಳುವ ಅವಕಾಶವೂ ಅಲ್ಲಿದೆ.

ಶಿಶುವಿಗೆ ಜ್ವರ ಬಂದರೆ, ಹಾಲು ಕುಡಿಯದಿದ್ದರೆ, ಸೆಳೆವು ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಎರಡು ತಿಂಗಳು ದಾಟಿದ ಶಿಶುವಿನ ಉಸಿರು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಬೆಳಗಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ತೆವಳಲು ಕಲಿತು, ತಾಯಿ ಮರೆಯಾದೊಡನೆ ಅಳುವ ಎಂಟು-ಹತ್ತನೆಯ ತಿಂಗಳಲ್ಲಿ ನಿದ್ರೆ ಮತ್ತೊಮ್ಮೆ ಕದಡುವುದುಂಟು. ಆಗ ಹಾಲಿಗಿಂತ ಮೈದಡವುವ ಕೈಯನ್ನೇ ಶಿಶು ಹೆಚ್ಚಾಗಿ ಅರಸುತ್ತಿರುತ್ತದೆ.