ಮೈಸೂರು ಚಿತ್ರಕಲೆ: ಬಣ್ಣ, ಕುಂಚ, ಚಿನ್ನದ ರೇಕು ಪರೀಕ್ಷಿಸಿ ಕೊಳ್ಳುವುದು ಹೇಗೆ?

ಮೈಸೂರು: ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಲೆಗೆ 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅರಮನೆಯ ಆಶ್ರಯದಲ್ಲಿ ಬೆಳೆದ ಈ ಕಲೆಯನ್ನು ಇಂದು ಗೃಹಿಣಿಯರು, ನಿವೃತ್ತರು, ವಿದ್ಯಾರ್ಥಿಗಳು ಮನೆಯಲ್ಲಿಯೇ ಅಭ್ಯಾಸ ಮಾಡುತ್ತಿದ್ದಾರೆ. ಕಲಿಯುವವರಿಗೆ ಮೊದಲು ಎದುರಾಗುವ ತೊಡಕು ರೇಖೆಯದಲ್ಲ, ಅಂಗಡಿಯದು. ತಿಂಗಳುಗಟ್ಟಲೆ ಕುಳಿತು ಬಿಡಿಸಿದ ಗಜಲಕ್ಷ್ಮಿಯ ಆಭರಣ ಎರಡೇ ವರ್ಷದಲ್ಲಿ ಕಪ್ಪಿಟ್ಟರೆ, ಸೀರೆಯ ಕೆಂಪು ಮಾಸಿದರೆ, ಆ ದೋಷ ಬಹುತೇಕ ಸಾಮಗ್ರಿಯದೇ ಆಗಿರುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಚಿತ್ರಕಾರರಿಗೆ ಅಂಗಡಿಯ ಹಂಗಿರಲಿಲ್ಲ. ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಂಡು ರೇಖಾಚಿತ್ರ ಬರೆಯುತ್ತಿದ್ದರು. ಅಳಿಲಿನ ಕೂದಲಿನಿಂದ ಕುಂಚ ಕಟ್ಟುತ್ತಿದ್ದರು. ಅತಿ ಸೂಕ್ಷ್ಮ ಗೆರೆಗಳಿಗೆ ಒಂದು ಬಗೆಯ ಹುಲ್ಲಿನ ಎಸಳನ್ನು ಬಳಸುವುದೂ ಉಂಟು. ಸಫೇದದ ಪುಡಿ, ಹಳದಿ ಮರದಂಟು ಹಾಗೂ ಗೋಂದು ಬೆರೆಸಿದ ಲೇಪದಿಂದ ಆಭರಣ, ಕಿರೀಟ, ಪ್ರಭಾವಳಿಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಿದ್ದರು. ತಂಜಾವೂರು ಚಿತ್ರದ ಉಬ್ಬು ದಪ್ಪ, ಮೈಸೂರಿನದು ತೆಳು. ಹೀಗಾಗಿ ತನ್ನ ಬಣ್ಣದಲ್ಲಿ ಏನಿದೆ ಎಂಬುದು ಕಲಾವಿದನಿಗೆ ತಿಳಿದಿರುತ್ತಿತ್ತು. ಟ್ಯೂಬಿನಲ್ಲಿ ಬಣ್ಣ ಕೊಳ್ಳುವವರು ಅದನ್ನು ಚೀಟಿ ಓದಿಯೇ ತಿಳಿಯಬೇಕು.

ಹಳೆಯದೆಲ್ಲ ಒಳ್ಳೆಯದಲ್ಲ

ಪರಂಪರೆಯ ಹೆಸರಿನಲ್ಲಿ ಹಳೆಯ ಬಣ್ಣಗಳನ್ನೇ ಹುಡುಕಿ ಹೊರಡುವವರು ಎಚ್ಚರ ವಹಿಸುವುದು ಅಗತ್ಯ. ಹಳದಿಗೆ ಬಳಸುವ ಹರಿತಾಳದಲ್ಲಿ ಪಾಷಾಣವಿದೆ, ಇಂಗಳೀಕದಲ್ಲಿ ಪಾದರಸವಿದೆ, ಹಳೆಯ ಸಫೇದ ಹಾಗೂ ಸಿಂಧೂರಗಳಲ್ಲಿ ಸೀಸವಿದೆ. ಇವನ್ನು ಅರೆಯುವಾಗ, ಜರಡಿ ಹಿಡಿಯುವಾಗ ಏಳುವ ಧೂಳೇ ಅಪಾಯ. ಕುಂಚದ ಮೊನೆಯನ್ನು ನಾಲಿಗೆಯಿಂದ ಚೂಪು ಮಾಡುವ ಅಭ್ಯಾಸವಂತೂ ನೇರವಾಗಿ ವಿಷ ಉಂಡಂತೆಯೇ ಸರಿ. ಚಿಕ್ಕ ಮಕ್ಕಳಿರುವ ಮನೆಗೆ ಸೀಸದ ಪುಡಿ ಬರಲೇಬಾರದು. ಬಾಳಿಕೆಯಲ್ಲೂ ಇವು ದೋಷರಹಿತವಲ್ಲ. ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಸೀಸದ ಬಿಳಿ ಕಪ್ಪಾಗುತ್ತದೆ, ಬೆಳಕಿಗೆ ಇಂಗಳೀಕವೂ ಕಪ್ಪಿಡಬಲ್ಲದು. ಉಬ್ಬು ಲೇಪಕ್ಕೆ ಈಗ ಸತುವಿನ ಬಿಳಿ ಮತ್ತು ಅರಬ್ಬೀ ಗೋಂದು ಬಳಕೆಯಲ್ಲಿದ್ದು, ಕಲಿಯುವವರಿಗೆ ಅದೇ ಸಾಕು. ಗೋಂದು ಹೆಚ್ಚಾದರೆ ಲೇಪ ಒಣಗಿ ಬಿರುಕು ಬಿಡುತ್ತದೆ, ಕಡಿಮೆಯಾದರೆ ಬೆರಳಿಗೆ ಪುಡಿ ಹತ್ತುತ್ತದೆ. ರಟ್ಟಿನ ಚೂರೊಂದರ ಮೇಲೆ ಮೂರು ಪ್ರಮಾಣದಲ್ಲಿ ಬಳಿದು, ಮರುದಿನ ಉಜ್ಜಿ ನೋಡಿದರೆ ಹದ ತಾನಾಗಿಯೇ ತಿಳಿಯುತ್ತದೆ.

ಜಲವರ್ಣ, ಪೋಸ್ಟರ್ ಬಣ್ಣ, ಅಕ್ರಿಲಿಕ್ ಈ ಮೂರರಲ್ಲಿ ಯಾವುದು ಎಂಬುದು ಮತ್ತೊಂದು ಪ್ರಶ್ನೆ. ಮೊದಲಿನ ಎರಡು ಒಣಗಿದ ಮೇಲೂ ನೀರಿಗೆ ಕರಗುತ್ತವೆ. ತಪ್ಪನ್ನು ತೊಳೆದು ತೆಗೆಯಬಹುದು, ಆದರೆ ಮೇಲಿನ ಪದರ ಬಳಿಯುವಾಗ ಕೆಳಗಿನದು ಎದ್ದುಬರುವ ಭಯವಿದೆ. ಅಕ್ರಿಲಿಕ್ ಒಮ್ಮೆ ಒಣಗಿದರೆ ಮತ್ತೆ ಕರಗದು, ಕುಂಚದಲ್ಲಿ ಒಣಗಿದರೆ ಕುಂಚವೇ ಹಾಳು. ಮೈಸೂರು ಚಿತ್ರದ ಮುಖ, ಕೈಗಳಲ್ಲಿ ಕಾಣುವ ಮೃದುವಾದ ನೆರಳಿಗೆ ಜಲವರ್ಣವೇ ಹೆಚ್ಚು ಒಗ್ಗುತ್ತದೆ.

ಟ್ಯೂಬಿನ ಮೇಲಿನ ಹೆಸರಿಗಿಂತ ಅದರಲ್ಲಿ ಮುದ್ರಿತವಾದ ವರ್ಣದ್ರವ್ಯದ ಸಂಕೇತ ಮುಖ್ಯ. ಪಿಬಿ 29 ಎಂದಿದ್ದರೆ ಅದು ಅಲ್ಟ್ರಾಮರೀನ್ ನೀಲಿ, ಬೆಳಕಿಗೆ ಬಾಳುವಂಥದು. ಪಿಆರ್ 83 ಎಂಬ ಅಲಿಜರಿನ್ ಕೆಂಪು ನೋಡಲು ಮನೋಹರ, ಆದರೆ ಬೆಳಕಿಗೆ ಮಾಸುತ್ತದೆ. ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳಿಗಂತೂ ಆಯುಷ್ಯ ಕಡಿಮೆ. ಸಂಕೇತವೇ ಇಲ್ಲದ ಅಗ್ಗದ ಪೆಟ್ಟಿಗೆಯಾದರೆ ಮನೆಯಲ್ಲೇ ಪರೀಕ್ಷೆ ಸಾಧ್ಯ. ಉದ್ದನೆಯ ಕಾಗದದ ಪಟ್ಟಿಯ ಮೇಲೆ ಪ್ರತಿ ಬಣ್ಣವನ್ನೂ ತೆಳುವಾಗಿ ಎಳೆದು, ಅರ್ಧ ಭಾಗವನ್ನು ದಪ್ಪ ಕಪ್ಪು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಬೇಕು. ರಟ್ಟು ತೆಗೆದಾಗ ಎರಡು ಭಾಗಗಳ ನಡುವೆ ಗಡಿ ಕಂಡರೆ ಆ ಬಣ್ಣ ಮಾರಾಟದ ಚಿತ್ರಕ್ಕೆ ಯೋಗ್ಯವಲ್ಲ.

ಕಾಗೆಬಂಗಾರದ ಕಾಟ

ಹೆಚ್ಚು ಹಣ ಹೋಗುವುದು ಚಿನ್ನಕ್ಕೆ, ಹೆಚ್ಚು ಮೋಸವೂ ಅಲ್ಲಿಯೇ. ನಕಲಿ ರೇಕು ತಾಮ್ರ ಮತ್ತು ಸತುವಿನ ಮಿಶ್ರಣ, ಅಂದರೆ ಹಿತ್ತಾಳೆ. ಹೊಸತರಲ್ಲಿ ಎರಡಕ್ಕೂ ಭೇದ ತೋರದು. ಅಸಲಿ ರೇಕು ಎಷ್ಟು ತೆಳುವೆಂದರೆ ಬೆರಳು ತಾಗಿದೊಡನೆ ಮುದುಡಿ ಅಂಟಿಕೊಳ್ಳುತ್ತದೆ, ಬೆಳಕಿಗೆ ಹಿಡಿದರೆ ಹಸಿರು ಛಾಯೆ ಹಾಯುತ್ತದೆ. ಹಿತ್ತಾಳೆಯದನ್ನು ಕೈಯಲ್ಲಿ ಎತ್ತಬಹುದು. ಸಂಶಯವಿದ್ದರೆ ಒಂದು ಚೂರಿಗೆ ಉಪ್ಪು ಬೆರೆಸಿದ ವಿನೆಗರ್ ಹಚ್ಚಿ ಒಂದೆರಡು ದಿನ ಬಿಡಬೇಕು. ಹಿತ್ತಾಳೆಯಾದರೆ ಹಸಿರು ಕಿಲುಬು ಕಟ್ಟುತ್ತದೆ, ಚಿನ್ನ ಹಾಗೆಯೇ ಇರುತ್ತದೆ. ಅಭ್ಯಾಸಕ್ಕೆ ಹಿತ್ತಾಳೆ ರೇಕು ಬಳಸುವುದರಲ್ಲಿ ತಪ್ಪಿಲ್ಲ. ಅದನ್ನು ಚಿನ್ನವೆಂದು ಹೇಳಿ ಮಾರುವುದು ಮಾತ್ರ ವಂಚನೆ.

ಕುಂಚದ ವಿಷಯದಲ್ಲಿ ಕಾನೂನಿನ ತೊಡಕೂ ಇದೆ. ನವಿರಾದ ಗೆರೆಗೆ ಹೆಸರಾದ ಮುಂಗುಸಿ ಕೂದಲಿನ ಕುಂಚವನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. 2022ರ ತಿದ್ದುಪಡಿಯ ನಂತರ ಮುಂಗುಸಿಯು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದಕ್ಕೆ ಸೇರಿದ್ದು, 7 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ದಾಳಿ ನಡೆಸಿ ಇಂತಹ ಕುಂಚಗಳನ್ನು ರಾಶಿಗಟ್ಟಲೆ ವಶಪಡಿಸಿಕೊಂಡಿತ್ತು. ಕೂದಲಿನ ಮೇಲೆ ಕಂದು, ಮಾಸಲು ಬಿಳುಪಿನ ಪಟ್ಟೆಗಳು ಅಡ್ಡಲಾಗಿ ಕಂಡರೆ ಅಂತಹ ಕುಂಚ ಕೊಳ್ಳದಿರುವುದೇ ಲೇಸು. ಸಿಂಥೆಟಿಕ್ ಕೂದಲಿನ ಸೊನ್ನೆ ಸಂಖ್ಯೆಯ ಕುಂಚ ನೀರನ್ನು ಕೊಂಚ ಕಡಿಮೆ ಹಿಡಿಯುತ್ತದೆ, ಅಷ್ಟೇ. ನೀರಿನಲ್ಲಿ ಅದ್ದಿ ಝಾಡಿಸಿದಾಗ ಮೊನೆ ಒಂದೇ ಬಿಂದುವಿಗೆ ಕೂಡಿದರೆ ಅದು ಒಳ್ಳೆಯ ಕುಂಚ. ಇದನ್ನು ಅಂಗಡಿಯಲ್ಲಿಯೇ ಕೇಳಿ ಪರೀಕ್ಷಿಸಬಹುದು.

ಕಾಗದ ಆಮ್ಲರಹಿತವಾಗಿರಲಿ, ಸಾಧ್ಯವಾದರೆ ಹತ್ತಿಯದಾಗಿರಲಿ. ಮರದ ತಿರುಳಿನ ಅಗ್ಗದ ಕಾಗದ ಹಳೆಯ ದಿನಪತ್ರಿಕೆಯಂತೆ ಹಳದಿಗಟ್ಟುತ್ತದೆ. ಒಮ್ಮೆಲೇ ದೊಡ್ಡ ಪೆಟ್ಟಿಗೆ ಕೊಳ್ಳುವ ಬದಲು ನಾಲ್ಕೈದು ಬಿಡಿ ಟ್ಯೂಬು, ಒಂದು ಕುಂಚ, ಎರಡು ಹಾಳೆ ರೇಕಿನಿಂದ ಆರಂಭಿಸಿ, ಪ್ರತಿ ಪಟ್ಟಿಯ ಬೆನ್ನಿಗೆ ಕಂಪನಿಯ ಹೆಸರು, ಸಂಕೇತ ಹಾಗೂ ದಿನಾಂಕ ಬರೆದಿಟ್ಟರೆ ಮುಂದಿನ ಖರೀದಿಗೆ ಬೇರೆಯವರ ಸಲಹೆ ಬೇಕಾಗದು.