ಉಸಿರಿನ ಅಳತೆ

ಒಲೆಯ ಊದುಗೊಳವೆಯೊಳಗೆ ಮಸಿ ಕಟ್ಟಿಕೊಂಡರೆ ಎಷ್ಟು ಬಲವಾಗಿ ಊದಿದರೂ ಕೆಂಡ ಹೊತ್ತಿಕೊಳ್ಳುವುದಿಲ್ಲ. ದೋಷವು ಊದುವವರ ಎದೆಯಲ್ಲಿಲ್ಲ, ಗಾಳಿಯ ದಾರಿಯಲ್ಲಿದೆ. ಆಸ್ತಮಾ ಇರುವವರ ಸ್ಥಿತಿಯೂ ಇಂತಹುದೇ. ಆಟದ ಬಯಲಿನಲ್ಲಿ ಏದುಸಿರು ಬಿಡುವ ಸಹಪಾಠಿಯನ್ನು ನಾವು ದುರ್ಬಲನೆಂದು ಹಾಸ್ಯಮಾಡುತ್ತೇವೆ. ಅವನ ಶ್ವಾಸನಾಳಗಳೇ ಕಿರಿದಾಗಿರಬಹುದೆಂದು ಯೋಚಿಸುವುದಿಲ್ಲ. ಇದನ್ನು ಊಹೆಯಿಂದಲ್ಲ, ಅಳತೆಯಿಂದ ತಿಳಿಯಬೇಕು.

ಉಸಿರನ್ನು ಅಳೆಯುವ ಸ್ಪೈರೋಮೀಟರನ್ನು 1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ ಲೋಕಕ್ಕೆ ಪರಿಚಯಿಸಿದನು. ಆತನು ಅಳೆದುದು ಎದೆಯಿಂದ ಹೊರಬರುವ ಗಾಳಿಯ ಒಟ್ಟು ಗಾತ್ರವನ್ನು. ಆದರೆ ನಾಳ ಕಿರಿದಾದಾಗ ಮೊದಲು ಕುಂದುವುದು ವೇಗ. ಕೊಳವೆಯಲ್ಲಿ ಸುಳಿಯಿಲ್ಲದೆ ಹರಿಯುವ ಪ್ರವಾಹವು, ಒತ್ತಡ ಅಷ್ಟೇ ಇದ್ದು ತ್ರಿಜ್ಯ ಅರ್ಧವಾದರೆ, 16ರಲ್ಲಿ ಒಂದು ಪಾಲಿಗಿಳಿಯುತ್ತದೆಂದು ನಾವು ಭೌತಶಾಸ್ತ್ರದಲ್ಲಿ ಕಲಿತಿದ್ದೇವೆ. ಶ್ವಾಸನಾಳದ ಕವಲುಗಳಲ್ಲಿ ಲೆಕ್ಕ ಇಷ್ಟು ಸರಳವಲ್ಲವಾದರೂ ತತ್ತ್ವ ಇದೇ. ಆದುದರಿಂದ ಈಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂದಿತೆಂಬುದನ್ನೂ ಅಳೆಯುತ್ತಾರೆ. ಆರೋಗ್ಯವಂತ ತರುಣರಲ್ಲಿ ಇದು ಸಾಮಾನ್ಯವಾಗಿ ಒಟ್ಟು ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು.

ಪರೀಕ್ಷೆಯಲ್ಲಿ ನೋವಿಲ್ಲ. ಮೂಗಿಗೆ ಕ್ಲಿಪ್ಪು ಹಾಕಿ, ಪೂರ್ಣ ಉಸಿರೆಳೆದು, ಕೊಳವೆಯನ್ನು ತುಟಿಗಳಿಂದ ಬಿಗಿಹಿಡಿದು, ಎದೆ ಬರಿದಾಗುವವರೆಗೂ ರಭಸದಿಂದ ಊದಬೇಕು. ಕಡಮೆಯೆಂದರೆ ಮೂರು ಬಾರಿ ಹೀಗೆ ಮಾಡಿಸುತ್ತಾರೆ. ಸ್ವಲ್ಪ ತಲೆ ಸುತ್ತಬಹುದು. ಇಲ್ಲಿ ರೋಗಿಯೂ ಉಪಕರಣದ ಒಂದು ಭಾಗ. ಅರೆಮನಸ್ಸಿನಿಂದ ಊದಿದರೆ ಅಳತೆಯೇ ಸುಳ್ಳಾಗುತ್ತದೆ. ಬಳಿಕ ನಾಳವನ್ನು ಹಿಗ್ಗಿಸುವ ಔಷಧವನ್ನು ಉಸಿರಿನೊಡನೆ ಕೊಟ್ಟು, ಸುಮಾರು 15 ನಿಮಿಷ ಕಳೆದು ಮತ್ತೆ ಊದಿಸುವರು. ಅಂಕಿ ಗಮನಾರ್ಹವಾಗಿ ಏರಿದರೆ ಆಸ್ತಮಾದ ಸಂದೇಹ ಬಲವಾಗುತ್ತದೆ. ಏರದಿದ್ದರೆ ರೋಗವಿಲ್ಲವೆನ್ನಲಾಗದು; ಉಬ್ಬಸವಿಲ್ಲದ ದಿನ ಅಳತೆ ಸಹಜವಾಗಿಯೇ ಇರಬಹುದು.

ನಾಳವನ್ನು ಕೆರಳಿಸುವ ವಸ್ತು ಯಾವುದು? ಇದನ್ನರಿಯಲು ಚರ್ಮದ ಪರೀಕ್ಷೆಯುಂಟು. ಮುಂದೋಳಿನ ಮೇಲೆ ಧೂಳಿನ ನುಸಿ, ಪರಾಗ, ಜಿರಲೆ ಮೊದಲಾದವುಗಳ ಸಾರದ ಹನಿಗಳನ್ನಿಟ್ಟು, ಅವುಗಳ ಮೂಲಕ ಚರ್ಮವನ್ನು ಮೆಲ್ಲನೆ ಚುಚ್ಚುತ್ತಾರೆ. ಜೊತೆಗೆ ಹಿಸ್ಟಮೀನಿನದೊಂದು, ಉಪ್ಪುನೀರಿನದೊಂದು ಹನಿ. ಮೊದಲನೆಯದು ದದ್ದು ಎಬ್ಬಿಸಬೇಕು, ಎರಡನೆಯದು ಎಬ್ಬಿಸಬಾರದು. ಇಲ್ಲದಿದ್ದರೆ ಪರೀಕ್ಷೆಯನ್ನು ನಂಬುವಂತಿಲ್ಲ. ಸುಮಾರು 15 ನಿಮಿಷಗಳಲ್ಲಿ, ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರಾದರೂ ದೊಡ್ಡ ದದ್ದೆದ್ದರೆ ಆ ವಸ್ತು ದೇಹಕ್ಕೆ ಒಗ್ಗದೆಂಬ ಸೂಚನೆ. ಅಲರ್ಜಿಯ ಮಾತ್ರೆಗಳು ದದ್ದನ್ನು ಅಡಗಿಸುವುವು. ಅವನ್ನು ಎಂದು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಬೇಕೇ ಹೊರತು ತಾವಾಗಿ ಯಾವ ಔಷಧವನ್ನೂ ಬಿಡಬಾರದು. ಅಪರೂಪವಾಗಿ ಮೈಯೆಲ್ಲ ಕೆರಳುವುದುಂಟಾದ ಕಾರಣ ಈ ಪರೀಕ್ಷೆ ವೈದ್ಯರ ಸಮ್ಮುಖದಲ್ಲಿಯೇ ನಡೆಯತಕ್ಕದ್ದು.

ದದ್ದೆದ್ದ ಮಾತ್ರಕ್ಕೆ ರೋಗ ಸಿದ್ಧವಾಗದು. ರೋಗಿಯ ಅನುಭವದೊಡನೆ ಅದು ಹೊಂದಬೇಕು. ಆದಕಾರಣ, ಬಯಲಿನ ಅಂಚಿನಲ್ಲಿ ಕುಳಿತ ಗೆಳೆಯನನ್ನು ಕಂಡು ನಗುವ ಮೊದಲು ಅವನನ್ನು ವೈದ್ಯರಲ್ಲಿಗೆ ಕರೆದೊಯ್ಯೋಣ. ದಾರಿ ಕಿರಿದಾಗಿದೆಯೆಂದು ತಿಳಿದರೆ, ಅದನ್ನು ತೆರೆದಿಡುವ ಔಷಧಗಳು ಇಂದು ಇವೆ.