ವಿಡಿಯೋ ಡೌನ್‌ಲೋಡ್‌ಗೆ ಆ್ಯಪ್ ಬೇಕಾ, ವೆಬ್‌ಸೈಟ್ ಸಾಕಾ? ದುಡ್ಡಿರೋ ಮೊಬೈಲ್‌ಗೆ ಯಾವುದು ಸೇಫ್? ಇಲ್ಲಿದೆ ವಿವರ

ಶಿವಮೊಗ್ಗ: ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಕೊಳ್ಳೋದು, ಮನೆಗೆ ಹೋದ ಮೇಲೆ ನೋಡೋದು. ಮಲೆನಾಡಿನ ಹಳ್ಳಿಗಳಲ್ಲಿ ಇದು ಮಾಮೂಲಿ. ಹೊಸನಗರ, ಸಾಗರ, ತೀರ್ಥಹಳ್ಳಿ ತಾಲೂಕುಗಳ ಎಷ್ಟೋ ಊರುಗಳಲ್ಲಿ ಇವತ್ತಿಗೂ ಮನೆಯೊಳಗೆ ಸಿಗ್ನಲ್ ನಿಲ್ಲಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತೆ. ಹಾಗಾಗಿ ಯಕ್ಷಗಾನ ಇರಲಿ, ಅಡಿಕೆ ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಯೋ ವಿಧಾನ ಇರಲಿ, ಮಕ್ಕಳ ಎಸ್‌ಎಸ್‌ಎಲ್‌ಸಿ ಪಾಠ ಇರಲಿ, ಫೋನ್‌ನಲ್ಲಿ ಇಳಿಸಿಕೊಂಡಿದ್ದರೆ ಮಾತ್ರ ಗ್ಯಾರಂಟಿ.

ಪೇಟೆಯ ಅಂಗಡಿಯವರ ಅಗತ್ಯ ಬೇರೆ. ಹಬ್ಬದ ಆಫರ್‌ಗೆ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಬೇಕು, ಕಂಪನಿಯವರ ಹೊಸ ಮಾಲಿನ ವಿಡಿಯೋ ಗಿರಾಕಿಗೆ ತೋರಿಸಬೇಕು.

ಆದರೆ ಡೌನ್‌ಲೋಡ್ ಆಗೋದು ಯಾವ ಫೋನ್‌ನಲ್ಲಿ? ಕ್ಯೂಆರ್ ಕೋಡ್‌ನಿಂದ ಬರೋ ದುಡ್ಡಿನ ಮೆಸೇಜ್, ಬ್ಯಾಂಕ್ ಓಟಿಪಿ, ಗಿರಾಕಿಗಳ ನಂಬರ್ ಎಲ್ಲಾ ಇರೋ ಅದೇ ಫೋನ್‌ನಲ್ಲಿ. ಆದ್ದರಿಂದ ಯಾವುದು ಫಾಸ್ಟ್ ಅನ್ನೋದಕ್ಕಿಂತ ಯಾವುದು ಫೋನ್ ಒಳಗೆ ಉಳ್ಕೊಳ್ಳುತ್ತೆ ಅಂತ ಮೊದಲು ನೋಡಬೇಕು.

ಎರಡಕ್ಕೂ ವ್ಯತ್ಯಾಸ ಏನು?

ವೆಬ್‌ಸೈಟ್ ಅಂದರೆ ಕ್ರೋಮ್ ತರದ ಬ್ರೌಸರ್‌ನಲ್ಲಿ ತೆರೆಯುವ ಪುಟ. ವಿಡಿಯೋದ ಲಿಂಕ್ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿದರೆ, ಆ ಸೈಟ್‌ನ ಸರ್ವರ್ ವಿಡಿಯೋ ಹುಡುಕಿ ಫೈಲ್ ಕೊಡುತ್ತೆ. ಪುಟ ಮುಚ್ಚಿದರೆ ಹೆಚ್ಚು ಕಡಿಮೆ ಅಲ್ಲಿಗೆ ಸಂಬಂಧ ಮುಗೀತು. ನೀವು ಅನುಮತಿ ಕೊಡದೆ ಅದು ಕ್ಯಾಮೆರಾ, ಲೊಕೇಶನ್ ಮುಟ್ಟೋಕೆ ಆಗಲ್ಲ. ನಿಮ್ಮ ಇನ್‌ಬಾಕ್ಸ್‌ನಲ್ಲಿರೋ ಎಸ್‌ಎಂಎಸ್‌ಗಳನ್ನು ಓದೋಕೂ ಆಗಲ್ಲ.

ಆ್ಯಪ್ ಹಾಗಲ್ಲ. ಒಮ್ಮೆ ಇನ್‌ಸ್ಟಾಲ್ ಆದರೆ ಫೋನ್‌ನಲ್ಲೇ ಠಿಕಾಣಿ. ನೀವು ಬಳಸದೇ ಇದ್ದಾಗಲೂ ಹಿಂದೆ ಓಡಬಹುದು. ಇನ್‌ಸ್ಟಾಲ್ ಮಾಡುವಾಗ ಒತ್ತಿದ 'ಅಲೋ' ಬಟನ್‌ಗಳೆಲ್ಲ ಸಾಮಾನ್ಯವಾಗಿ ಹಾಗೇ ಇರುತ್ತವೆ. ವೆಬ್‌ಸೈಟ್ ಅಂಗಡಿ ಬಾಗಿಲಿಗೆ ಬಂದು ಹೋಗೋ ಗಿರಾಕಿ ಇದ್ದಂಗೆ, ಆ್ಯಪ್ ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿಕೊಂಡ ಕೆಲಸದವನಿದ್ದಂಗೆ. ಕೆಲಸದವನು ಒಳ್ಳೆಯವನೇ ಇರಬಹುದು. ಆದರೆ ವಿಚಾರಿಸಿ ಸೇರಿಸಿಕೊಳ್ಳಬೇಕು.

ಪ್ಲೇ ಸ್ಟೋರ್‌ನಲ್ಲಿ ಯಾಕೆ ಸಿಗಲ್ಲ?

ಯೂಟ್ಯೂಬ್ ವಿಡಿಯೋ ಇಳಿಸಿಕೊಡುವ ಆ್ಯಪ್‌ಗಳಿಗೆ ಗೂಗಲ್ ತನ್ನ ಪ್ಲೇ ಸ್ಟೋರ್‌ನಲ್ಲಿ ಜಾಗ ಕೊಡಲ್ಲ. ಅದಕ್ಕೇ ವಿಡ್‌ಮೇಟ್, ಸ್ನ್ಯಾಪ್‌ಟ್ಯೂಬ್ ತರದವು ಹೊರಗಿನ ಸೈಟ್‌ಗಳಿಂದ 'ಎಪಿಕೆ' ಫೈಲ್ ಆಗಿ ಬರುತ್ತವೆ. ಎಪಿಕೆ ಹಾಕಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಆನ್ ಮಾಡಬೇಕು. ಅಸಲಿ ಸಮಸ್ಯೆ ಶುರುವಾಗೋದು ಇಲ್ಲಿ. ಒಮ್ಮೆ ಆನ್ ಮಾಡಿದ್ದನ್ನು ಹೆಚ್ಚಿನವರು ಮತ್ತೆ ಆಫ್ ಮಾಡಲ್ಲ. ಆಮೇಲೆ ಮದುವೆ ಕರೆಯೋಲೆ, ಆರ್‌ಟಿಒ ಚಲನ್ ಹೆಸರಿನಲ್ಲಿ ವಂಚಕರು ಕಳಿಸೋ ಎಪಿಕೆ ಒತ್ತಿದಾಗ ಫೋನ್ ಕೊಡಬೇಕಾದ ಒಂದು ಎಚ್ಚರಿಕೆ ಕಡಿಮೆಯಾಗಬಹುದು.

ಇದು ಬರೀ ಭಯ ಹುಟ್ಟಿಸೋ ಮಾತಲ್ಲ. 2019ರಲ್ಲಿ ಅಪ್‌ಸ್ಟ್ರೀಮ್ ಎಂಬ ಮೊಬೈಲ್ ಭದ್ರತಾ ಕಂಪನಿ ಈ ಎರಡೂ ಆ್ಯಪ್‌ಗಳ ಬಗ್ಗೆ ವರದಿ ಕೊಟ್ಟಿತ್ತು. ಬಳಕೆದಾರರಿಗೆ ಕಾಣದಂತೆ ಹಿಂದೆ ಜಾಹೀರಾತು ಕ್ಲಿಕ್ ಆಗುತ್ತಿವೆ, ಕೇಳದೇ ಇದ್ದ ಪೇಯ್ಡ್ ಸೇವೆಗಳಿಗೆ ಸೇರಿಸುವ ಯತ್ನ ಆಗುತ್ತಿದೆ, ಡೇಟಾ ಖಾಲಿಯಾಗುತ್ತಿದೆ ಅನ್ನೋದು ಅದರ ಸಾರ. ಆ್ಯಪ್ ಕಂಪನಿಗಳು ಬೇರೆಯವರಿಂದ ಪಡೆದ ಸಾಫ್ಟ್‌ವೇರ್ ಭಾಗದತ್ತ ಬೆರಳು ತೋರಿಸಿದ್ದವು. ತಪ್ಪು ಯಾರದ್ದೇ ಇರಲಿ, ರೀಚಾರ್ಜ್ ಮಾಡಿಸಿದವರ ಡೇಟಾ ಖರ್ಚಾದರೆ ಅದು ವಾಪಸ್ ಬರಲ್ಲ.

ವೆಬ್‌ಸೈಟ್ ಪೂರ್ತಿ ಸೇಫಾ?

ಅಲ್ಲ. ಅಲ್ಲಿನ ಅಪಾಯ ಬೇರೆ ತರ. ಈ ಸೈಟ್‌ಗಳು ಬದುಕೋದು ಜಾಹೀರಾತಿನ ಮೇಲೆ. ಒಂದೇ ಪುಟದಲ್ಲಿ ಮೂರು-ನಾಲ್ಕು 'ಡೌನ್‌ಲೋಡ್' ಬಟನ್ ಇರುತ್ತವೆ, ಅಸಲಿ ಒಂದೇ. ಉಳಿದವು ಬೇರೆ ಪುಟಕ್ಕೆ ಎಳೆದುಕೊಂಡು ಹೋಗುತ್ತವೆ. ಈ ನಾಲ್ಕು ವಿಷಯ ನೆನಪಿರಲಿ:

* 'ಶೋ ನೋಟಿಫಿಕೇಶನ್ಸ್' ಅಂತ ಕೇಳಿದರೆ 'ಬ್ಲಾಕ್' ಒತ್ತಿ. 'ಅಲೋ' ಒತ್ತಿದರೆ ದಿನವಿಡೀ ಲಾಟರಿ, ಸಾಲ, ಅಶ್ಲೀಲ ಜಾಹೀರಾತು ಬರಬಹುದು.
* 'ನಿಮ್ಮ ಫೋನ್‌ನಲ್ಲಿ ವೈರಸ್ ಇದೆ' ಅಂತ ಕೆಂಪು ಪುಟ ಬಂದರೆ ಹೆದರಬೇಡಿ. ವೆಬ್‌ಪುಟಕ್ಕೆ ನಿಮ್ಮ ಫೋನ್ ಸ್ಕ್ಯಾನ್ ಮಾಡೋಕೆ ಆಗಲ್ಲ. ಟ್ಯಾಬ್ ಮುಚ್ಚಿದರೆ ಆಯ್ತು.
* ಇಳಿದ ಫೈಲ್‌ನ ಹೆಸರಿನ ಕೊನೆ ನೋಡಿ. ಎಂಪಿ4 ಇದ್ದರೆ ವಿಡಿಯೋ. ಎಪಿಕೆ ಇದ್ದರೆ ತೆರೆಯದೇ ಡಿಲೀಟ್ ಮಾಡಿ.
* ಜಿಮೇಲ್, ಫೇಸ್‌ಬುಕ್ ಪಾಸ್‌ವರ್ಡ್ ಅಥವಾ ಓಟಿಪಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಎಲ್ಲರಿಗೂ ತೆರೆದಿರೋ ವಿಡಿಯೋ ಇಳಿಸೋಕೆ ಅದ್ಯಾವುದೂ ಬೇಕಿಲ್ಲ.

ಸೌಂಡ್ ಯಾಕೆ ಬರಲ್ಲ?

ವೆಬ್‌ಸೈಟ್‌ನಿಂದ ಇಳಿಸಿದ ವಿಡಿಯೋದಲ್ಲಿ ಚಿತ್ರ ಬರುತ್ತೆ, ಸೌಂಡ್ ಇಲ್ಲ ಅನ್ನೋದು ಸಾಮಾನ್ಯ ದೂರು. ಇದು ಫೋನ್ ಸ್ಪೀಕರ್‌ನ ತಪ್ಪಲ್ಲ. ಹೆಚ್ಚಿನ ಕ್ವಾಲಿಟಿಯಲ್ಲಿ ಯೂಟ್ಯೂಬ್ ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆ ಇಟ್ಟಿರುತ್ತೆ. ಎರಡನ್ನೂ ಜೋಡಿಸುವ ಕೆಲಸ ಡೌನ್‌ಲೋಡ್ ಮಾಡಿಕೊಡುವವರದ್ದು. ಆ್ಯಪ್‌ಗಳು ಇದನ್ನು ಫೋನ್‌ನಲ್ಲೇ ಮಾಡುತ್ತವೆ, ಕೆಲವು ವೆಬ್‌ಸೈಟ್‌ಗಳು ಮಾಡಲ್ಲ. 360ಪಿಯಲ್ಲಿ ಎರಡೂ ಸೇರಿದ ಫೈಲ್ ಸಾಮಾನ್ಯವಾಗಿ ಸಿಗುತ್ತೆ.

ಉದ್ದದ ವಿಡಿಯೋಗಳಲ್ಲಿ ಆ್ಯಪ್‌ಗೆ ಇನ್ನೊಂದು ಅನುಕೂಲ ಇದೆ. ಮಧ್ಯೆ ಸಿಗ್ನಲ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತೆ. ವೆಬ್‌ಸೈಟ್ ಕೊಡುವ ಲಿಂಕ್‌ಗೆ ಕೆಲವೇ ಗಂಟೆ ಆಯುಷ್ಯ. ಪೇಟೆಯಲ್ಲಿ ಅರ್ಧ ಇಳಿಸಿ ಉಳಿದರ್ಧ ನಾಳೆ ಅಂದುಕೊಂಡರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ.

ಡೇಟಾ ಲೆಕ್ಕವೂ ಗೊತ್ತಿರಲಿ. ಒಂದು ಗಂಟೆಯ ವಿಡಿಯೋ 360ಪಿಯಲ್ಲಿ ಸುಮಾರು 250ರಿಂದ 350 ಎಂಬಿ, 720ಪಿಯಲ್ಲಿ ಹತ್ತಿರ ಹತ್ತಿರ 1 ಜಿಬಿ. ದಿನಕ್ಕೆ 1.5 ಜಿಬಿ ಪ್ಲಾನ್ ಇರೋರು ಮೂರು ಗಂಟೆಯ ಯಕ್ಷಗಾನವನ್ನು 720ಪಿಯಲ್ಲಿ ಇಳಿಸಲು ಹೋದರೆ ಅರ್ಧದಲ್ಲೇ ಡೇಟಾ ಮುಗಿಯುತ್ತೆ. ಫೋನ್ ಪರದೆಗೆ 360ಪಿ ಸಾಕು.

ಮೊದಲು ಇದನ್ನು ನೋಡಿ

ಎಷ್ಟೋ ಸಲ ಆ್ಯಪೂ ಬೇಕಿಲ್ಲ, ವೆಬ್‌ಸೈಟೂ ಬೇಕಿಲ್ಲ.

*ಯೂಟ್ಯೂಬ್:* ಭಾರತದಲ್ಲಿ 2014ರಿಂದಲೇ ಯೂಟ್ಯೂಬ್ ಆ್ಯಪ್‌ನಲ್ಲಿ ಆಫ್‌ಲೈನ್ ಸೌಲಭ್ಯ ಇದೆ. ವಿಡಿಯೋ ಕೆಳಗೆ 'ಡೌನ್‌ಲೋಡ್' ಬಟನ್ ಇರುತ್ತೆ. ಎಲ್ಲ ವಿಡಿಯೋಗೂ ಸಿಗಲ್ಲ, ಹೆಚ್ಚಿನ ಕ್ವಾಲಿಟಿಗೆ ಪ್ರೀಮಿಯಂ ಬೇಕು. ಇಳಿಸಿದ್ದು ಯೂಟ್ಯೂಬ್ ಆ್ಯಪ್ ಒಳಗೆ ಮಾತ್ರ ಓಡುತ್ತೆ, ಆಗಾಗ ಫೋನ್‌ಗೆ ಇಂಟರ್‌ನೆಟ್ ಸಿಗಬೇಕು. ಮನೆಯಲ್ಲಿ ಕೂತು ನೋಡೋರಿಗೆ ಇಷ್ಟು ಸಾಕು.

*ಇನ್‌ಸ್ಟಾಗ್ರಾಂ:* ಪಬ್ಲಿಕ್ ಅಕೌಂಟ್‌ಗಳ ರೀಲ್ಸ್‌ಗೆ 2023ರಿಂದ ಡೌನ್‌ಲೋಡ್ ಆಯ್ಕೆ ಬಂದಿದೆ. ರೀಲ್ ಹಾಕಿದವರು ಬೇಡ ಅಂತ ಆಫ್ ಮಾಡಿದ್ದರೆ ಸಿಗಲ್ಲ.

*ಶಾಲೆ ಪಾಠ:* ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯದ ಪಾಠಗಳನ್ನು ಉಚಿತವಾಗಿ ಇಳಿಸಿಕೊಂಡು ನೆಟ್ ಇಲ್ಲದೆ ನೋಡಬಹುದು.

*ಓಟಿಟಿ:* ನೆಟ್‌ಫ್ಲಿಕ್ಸ್ ತರದವುಗಳ ಸಿನಿಮಾ ಲಾಕ್ ಆಗಿರುತ್ತೆ, ಅವರ ಆ್ಯಪ್ ಒಳಗೆ ಮಾತ್ರ ಡೌನ್‌ಲೋಡ್. 'ಇಲ್ಲಿ ಒತ್ತಿದರೆ ಹೊಸ ಸಿನಿಮಾ ಫ್ರೀ' ಅನ್ನೋ ಲಿಂಕ್‌ನಿಂದ ದೂರ ಇರಿ.

ಅಂಗಡಿಯವರೇ ಗಮನಿಸಿ

ಯೂಟ್ಯೂಬ್‌ನ ನಿಯಮದ ಪ್ರಕಾರ ಅವರು ಕೊಟ್ಟ ಬಟನ್ ಬಿಟ್ಟು ಬೇರೆ ದಾರಿಯಲ್ಲಿ ಡೌನ್‌ಲೋಡ್ ಮಾಡುವಂತಿಲ್ಲ. ಆ್ಯಪ್ ಆದರೂ ವೆಬ್‌ಸೈಟ್ ಆದರೂ ಇದು ಒಂದೇ. ಇನ್ನು ಬೇರೆಯವರ ವಿಡಿಯೋ, ಸಿನಿಮಾ ಹಾಡು ಕತ್ತರಿಸಿ ಅಂಗಡಿ ಜಾಹೀರಾತಿಗೆ ಹಾಕಿದರೆ ಅದು ಕಾಪಿರೈಟ್ ವಿಷಯ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಗೊತ್ತಿದ್ದೂ ಉಲ್ಲಂಘನೆ ಮಾಡಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ.

ಸುಲಭದ ದಾರಿ ಅಂದರೆ ಕೇಳಿ ತರಿಸಿಕೊಳ್ಳೋದು. ಮಾಲಿನ ವಿಡಿಯೋವನ್ನು ಡೀಲರ್ ಹತ್ತಿರವೇ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಬದಲು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಕ್ವಾಲಿಟಿ ಹಾಳಾಗಲ್ಲ, 2 ಜಿಬಿವರೆಗೂ ಕಳಿಸಬಹುದು. ನಿಮ್ಮದೇ ಯೂಟ್ಯೂಬ್ ಚಾನೆಲ್ ಇದ್ದರೆ, ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ಸ್ಟುಡಿಯೋ ತೆರೆದು ನಿಮ್ಮ ವಿಡಿಯೋ ಇಳಿಸಿಕೊಳ್ಳಬಹುದು.

ಕೊನೆಗೆ ಯಾವುದು ಆರಿಸೋದು?

* ಮನೆಯಲ್ಲಿ ನೋಡೋಕೆ ಮಾತ್ರ ಅಂದರೆ ಆಯಾ ಆ್ಯಪ್‌ನ ಸ್ವಂತ ಡೌನ್‌ಲೋಡ್ ಬಟನ್.
* ಅಪರೂಪಕ್ಕೆ ಒಂದು ಚಿಕ್ಕ ವಿಡಿಯೋ, ಅದೂ ನಿಮ್ಮದೇ ಅಥವಾ ಒಪ್ಪಿಗೆ ಇರೋದು ಅಂದರೆ ವೆಬ್‌ಸೈಟ್. ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡೋದು ಬೇಡ.
* ಇಂಥವನ್ನೇ ದಿನಾ, ಉದ್ದುದ್ದ ಇಳಿಸಬೇಕು, ಆ್ಯಪೇ ಬೇಕು ಅಂದರೆ ಅದನ್ನು ಸಿಮ್ ಇಲ್ಲದ ಹಳೇ ಫೋನ್‌ಗೆ ಹಾಕಿ. ಆ ಫೋನ್‌ನಲ್ಲಿ ಬ್ಯಾಂಕ್ ಆ್ಯಪ್, ಯುಪಿಐ ಯಾವುದೂ ಇರಬಾರದು.
* ಗಲ್ಲಾಪೆಟ್ಟಿಗೆ ಫೋನ್‌ಗೆ ಹೊರಗಿನ ಎಪಿಕೆ ಯಾವ ಕಾರಣಕ್ಕೂ ಬೇಡ.

ಈಗಾಗಲೇ ಹಾಕಿದ್ದರೆ?

ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ 'ಪರ್ಮಿಷನ್ಸ್' ತೆರೆದು ನೋಡಿ. ವಿಡಿಯೋ ಇಳಿಸೋಕೆ ಸ್ಟೋರೇಜ್ ಅನುಮತಿ ಸಾಕು. ಎಸ್‌ಎಂಎಸ್, ಕಾಂಟ್ಯಾಕ್ಟ್ಸ್, ಆ್ಯಕ್ಸೆಸಿಬಿಲಿಟಿ ಕೇಳಿದೆ ಅಂದರೆ ಅನುಮಾನ ಪಡಿ, ತೆಗೆದುಹಾಕಿ. ಅನ್‌ಇನ್‌ಸ್ಟಾಲ್ ಆಗ್ತಿಲ್ಲ ಅಂದರೆ 'ಡಿವೈಸ್ ಅಡ್ಮಿನ್ ಆ್ಯಪ್ಸ್' ಪಟ್ಟಿಯಲ್ಲಿ ಅದನ್ನು ಆಫ್ ಮಾಡಿ ಮತ್ತೆ ಪ್ರಯತ್ನಿಸಿ. 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಆಫ್ ಮಾಡಿ. ಪ್ಲೇ ಸ್ಟೋರ್‌ನಲ್ಲಿ 'ಪ್ಲೇ ಪ್ರೊಟೆಕ್ಟ್' ಸ್ಕ್ಯಾನ್ ಒಮ್ಮೆ ಓಡಿಸಿ.

ನೀವು ಮಾಡದ ವಹಿವಾಟಿನ ಮೆಸೇಜ್ ಬಂದರೆ ಫೋನ್‌ನ ಇಂಟರ್‌ನೆಟ್ ತಕ್ಷಣ ಆಫ್ ಮಾಡಿ, ಬೇರೆ ಫೋನ್‌ನಿಂದ ಬ್ಯಾಂಕ್‌ಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟೋ ಮೊದಲೇ ದೂರು ಕೊಟ್ಟರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಚಿಕೆ, ಭಯ ಅಂತ ಸಂಜೆವರೆಗೆ ಕಾಯೋದು ಬೇಡ.